ತಾಳೆಯಾಗದ ಮೂವತ್ತೆಂಟು ಸಾಲು

ಏಪ್ರಿಲ್ ತಿಂಗಳ ಒಂದು ಸೋಮವಾರ ಯಗಟಿಯ ಪ್ರೇಮಮ್ಮ ಕಡೂರಿನ ಆರೋಗ್ಯ ಟ್ರಸ್ಟ್ ಕಚೇರಿಗೆ ಬಂದಳು. ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಪಂಪ್‌ಸೆಟ್ ಅಂಗಡಿಯ ಮೇಲಿದ್ದ ಎರಡು ಕೋಣೆಯೇ ಆ ಕಚೇರಿ. ಕಡಿದಾದ ಮೆಟ್ಟಿಲು ಹತ್ತಿದ್ದರಿಂದ ಆಕೆಗೆ ಏದುಸಿರು ಬರುತ್ತಿತ್ತು. ಒಳಗೆ ಕಂಪ್ಯೂಟರಿನ ಮುಂದೆ ಕೂತಿದ್ದ ತ್ರಿವೇಣಿ ಎದ್ದು ಕುರ್ಚಿ ಎಳೆದುಕೊಟ್ಟಳು. ಪ್ರೇಮಮ್ಮ ಕೂರಲಿಲ್ಲ. ಕಂಕುಳಲ್ಲಿದ್ದ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಹಾಕಿದಳು.

"ಶಿವಮೊಗ್ಗದ ಆಸ್ಪತ್ರೆ ಚೀಟಿ ಎಲ್ಲಾ ಇದ್ರಲ್ಲಿ ಅವೆ ಕಣಮ್ಮ. ಎರಡು ಸತಿ ಒಳಗಿಂದ ಚೂರು ತೆಗೆದು ನೋಡಿದ್ರು. ನಂಗೆ ಏನೂ ಇಲ್ವಂತೆ. ಮೊದ್ಲೂ ಇದ್ದಿರಕ್ಕಿಲ್ಲ ಅಂದ್ರು ಆ ಡಾಕ್ಟ್ರಮ್ಮ. ಹಂಗಾದ್ರೆ ನೀವು ನನ್ ಫೋನಿಗೆ ಕಳಿಸಿದ್ದು ಯಾರ ಸುದ್ದಿ?"

ತ್ರಿವೇಣಿ ಕವರಿನಿಂದ ಕಾಗದಗಳನ್ನು ತೆಗೆದು ನೋಡಿದಳು. ಪ್ರೇಮಮ್ಮ ಹೇಳಿದ್ದು ನಿಜವಾಗಿತ್ತು.

"ಒಂದೊಂದ್ಸತಿ ಮೊದಲ ಪರೀಕ್ಷೆ ತಪ್ಪು ತೋರಿಸುತ್ತೆ ಅಮ್ಮ. ಏನೂ ಇಲ್ಲ ಅಂತ ಬಂತಲ್ಲ, ಅದೇ ಒಳ್ಳೇದು."

"ಒಳ್ಳೇದಾ?" ಪ್ರೇಮಮ್ಮ ಈಗ ಕೂತಳು. "ಅಕ್ಟೋಬರಿಂದ ನಾನು ಸತ್ತು ಬದುಕಿದೀನಿ. ಮಗನ ಮದುವೆ ಗೊತ್ತಾಗಿತ್ತು. ಮನೇಲಿ ಗೊತ್ತಾದ್ರೆ ಮದುವೆ ನಿಂತೋಗ್ತದೆ ಅಂತ ಯಾರಿಗೂ ಬಾಯಿ ಬಿಡ್ಲಿಲ್ಲ. ಮೂರು ತಿಂಗಳು ಒಬ್ಳೇ ಮಡಿಕಂಡಿದ್ದೆ. ಸೊಸೆ ಮನೆಗೆ ಬಂದ ದಿವಸಾನೇ ಬೀರು ಬೀಗದ ಕೈ ಅವಳ ಕೈಗೆ ಕೊಟ್ಟುಬಿಟ್ಟೆ, ಹೆಂಗೂ ಹೋಗೋಳಲ್ವಾ ಅಂತ. ನಾನು ಜಗಳಕ್ಕೆ ಬಂದಿಲ್ಲ ಕಣಮ್ಮ. ಯಾಕೆ ಹಿಂಗಾಯ್ತು ಅಂತ ನೋಡಿ ಹೇಳು, ಅಷ್ಟೇ."

ನೋಡಿ ಹೇಳುತ್ತೇನೆ ಎಂದು ತ್ರಿವೇಣಿ ಆಕೆಯ ಫೋನ್ ನಂಬರ್ ಬರೆದುಕೊಂಡಳು. ಪ್ರೇಮಮ್ಮ ಮೆಟ್ಟಿಲಿಳಿದು ಹೋದ ಮೇಲೂ ಆ ಕಾಗದದ ಚೀಟಿಯನ್ನು ಕೈಯಲ್ಲೇ ಹಿಡಿದು ಕೂತಿದ್ದಳು. ಅವಳಿಗೆ ಅಕ್ಟೋಬರಿನ ಒಂದು ಮಧ್ಯಾಹ್ನ ನೆನಪಾಗಿತ್ತು.

ತ್ರಿವೇಣಿ ಹಿರೇನಲ್ಲೂರಿನವಳು. ಹೈಸ್ಕೂಲಿನಲ್ಲಿ ಜವಾನನಾಗಿದ್ದ ಲಕ್ಷ್ಮಣಪ್ಪನ ಮಗಳು. ಅವರ ಕೇರಿಯಲ್ಲಿ ಕಂಪ್ಯೂಟರ್ ಓದಿದ ಮೊದಲ ಹೆಣ್ಣುಮಗಳು. ಟ್ರಸ್ಟ್‌ನಲ್ಲಿ ಆರು ವರ್ಷದಿಂದ ದಾಖಲೆಯ ಕೆಲಸವೆಲ್ಲ ಅವಳದೇ. ಹಿಂದಿನ ವರ್ಷ ಟ್ರಸ್ಟ್‌ನವರು ಯಗಟಿ, ದೇವನೂರು, ಅಜ್ಜಂಪುರ ಎಂದು ಹದಿನಾಲ್ಕು ಕಡೆ ಕ್ಯಾಂಪ್ ಹಾಕಿ, ಮೂವತ್ತು ದಾಟಿದ ಹೆಂಗಸರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆ ಮಾಡಿಸಿದ್ದರು. ಒಟ್ಟು ಸಾವಿರದ ಮುನ್ನೂರ ಹನ್ನೆರಡು ಜನ. ಪ್ರತಿಯೊಬ್ಬರಿಗೂ ಒಂದು ಕ್ರಮಸಂಖ್ಯೆ. ಲ್ಯಾಬಿನಿಂದ ಬಂದ ಫಲಿತಾಂಶವನ್ನು ಆ ಸಂಖ್ಯೆಯ ಮುಂದೆ ಒಂದೊಂದಾಗಿ ಅವಳೇ ಕಂಪ್ಯೂಟರಿನ ಟೇಬಲ್ಲಿಗೆ, ಅಂದರೆ ಸಾಲುಸಾಲಾದ ಪಟ್ಟಿಗೆ, ಹತ್ತಿಸಿದ್ದಳು. ಲ್ಯಾಬ್ ಚೀಟಿಯ ನಂಬರ್, ತಾರೀಖು, ಕೊನೆಗೆ 'ಸಹಜ' ಅಥವಾ 'ಮುಂದಿನ ಪರೀಕ್ಷೆ ಬೇಕು'.

ಅಷ್ಟರಲ್ಲಿ ಟ್ರಸ್ಟ್‌ನ ಕಾರ್ಯದರ್ಶಿ ಓಂಕಾರೇಶ್ ಹೊಸ ಸಾಫ್ಟ್‌ವೇರ್ ತರಿಸಿದ. ಅದು ತಾನಾಗಿಯೇ ಎಲ್ಲರ ಮೊಬೈಲಿಗೂ ಫಲಿತಾಂಶ ಕಳಿಸುವಂಥದ್ದು. ಅದನ್ನು ಹಾಕಿಕೊಡಲು ಬಂದ ಶಶಿ ಎಂಬವನು ಹಳೆಯ ಟೇಬಲ್ಲಿನ ಸಾಲುಗಳನ್ನು ಹೊಸ ಟೇಬಲ್ಲಿಗೆ ಎರಡು ಗಂಟೆಯಲ್ಲಿ ಸಾಗಿಸಿ, "ಮೇಡಂ, ಎರಡನ್ನೂ ತಾಳೆ ನೋಡಿ ಒಂದು ಸಹಿ ಹಾಕಿಬಿಡಿ" ಎಂದಿದ್ದ.

ತಾಳೆ ನೋಡುವುದು ಹೇಗೆಂದು ತ್ರಿವೇಣಿಗೆ ಗೊತ್ತಿಲ್ಲದೆ ಇರಲಿಲ್ಲ. ಹಳೆಯದರಲ್ಲಿದ್ದು ಹೊಸದರಲ್ಲಿ ಇಲ್ಲದ ಸಾಲು ಯಾವುದು, ಹೊಸದರಲ್ಲಿದ್ದು ಹಳೆಯದರಲ್ಲಿ ಇಲ್ಲದ್ದು ಯಾವುದು ಎಂದು ಎರಡು ಪ್ರಶ್ನೆ ಬರೆದು ಕಂಪ್ಯೂಟರನ್ನು ಕೇಳಬೇಕು. ಎರಡಕ್ಕೂ ಒಂದು ಸಾಲೂ ಬರದಿದ್ದರೆ ಸರಿ. ಅವತ್ತೂ ಹಾಗೇ ಕೇಳಿದ್ದಳು. ಸಾವಿರದ ಮುನ್ನೂರ ಹನ್ನೆರಡು ಸಾಲೂ ಬೇರೆ ಬೇರೆ ಎಂದು ಬಂದಿತ್ತು. ನೋಡಿದರೆ ಕಾರಣ ತಾರೀಖು. ಹಳೆಯದರಲ್ಲಿ ದಿನ, ತಿಂಗಳು, ವರ್ಷ ಎಂದಿತ್ತು. ಹೊಸದರಲ್ಲಿ ವರ್ಷ ಮೊದಲು ಬಂದಿತ್ತು. ಒಂದೇ ದಿನವಾದರೂ ಬರೆದ ರೀತಿ ಬೇರೆಯಾದ್ದರಿಂದ ಕಂಪ್ಯೂಟರಿಗೆ ಎಲ್ಲವೂ ಬೇರೆ. ತಾರೀಖನ್ನೆಲ್ಲ ಒಂದೇ ರೀತಿಗೆ ತಂದು ಮತ್ತೆ ನೋಡಲು ಅರ್ಧ ದಿನ ಬೇಕಾಗಿತ್ತು. ಮಾರನೆಯ ದಿನ ದೇವನೂರಿನಲ್ಲಿ ಆ ಸಾಫ್ಟ್‌ವೇರಿನ ಉದ್ಘಾಟನೆಯ ಸಮಾರಂಭ. ಓಂಕಾರೇಶ್ ಅವಳ ಹಿಂದೆ ಬಂದು ನಿಂತಿದ್ದ.

"ಒಟ್ಟು ಎಷ್ಟು ಐತೆ?"

"ಅಲ್ಲೂ ಸಾವಿರದ ಮುನ್ನೂರ ಹನ್ನೆರಡು, ಇಲ್ಲೂ ಅಷ್ಟೇ ಸರ್."

"ಮತ್ತಿನ್ನೇನಮ್ಮ? ಸರಿ ಐತಲ್ಲ."

ಅವಳಿಗೂ ಸರಿ ಇರಬಹುದು ಅನ್ನಿಸಿತ್ತು. ಸಹಿ ಹಾಕಿದ್ದಳು. ಮರುದಿನವೇ ಎಲ್ಲರ ಫೋನಿಗೂ ಸಂದೇಶ ಹೋಗಿತ್ತು.

ಈಗ, ಆರು ತಿಂಗಳಾದ ಮೇಲೆ, ಅವಳು ಬಿಟ್ಟಿದ್ದ ಕೆಲಸಕ್ಕೆ ಕೂತಳು. ಊಟಕ್ಕೆ ಏಳಲಿಲ್ಲ. ತಾರೀಖುಗಳನ್ನೆಲ್ಲ ಒಂದೇ ರೀತಿಗೆ ತಂದು ಮುಗಿಸುವಷ್ಟರಲ್ಲಿ ಮೂರು ಗಂಟೆಯಾಗಿತ್ತು. ಪ್ರಶ್ನೆ ಕೇಳಿದಳು. ಈ ಸಲ ಸಾವಿರವೂ ಬರಲಿಲ್ಲ, ಸೊನ್ನೆಯೂ ಬರಲಿಲ್ಲ. ಮೂವತ್ತೆಂಟು ಬಂತು.

ಆರುನೂರ ಹನ್ನೊಂದರಿಂದ ಆರುನೂರ ನಲವತ್ತೆಂಟರವರೆಗೆ, ಒಂದೂ ಬಿಡದೆ. ಹೆಸರುಗಳು ಸರಿಯಾಗಿದ್ದವು. ಹೆಸರಿನ ಮುಂದಿದ್ದ ಫಲಿತಾಂಶ ಸರಿ ಇರಲಿಲ್ಲ. ಸಾಗಿಸುವಾಗ ಆರುನೂರ ಹತ್ತನೆಯವಳ ಫಲಿತಾಂಶ ಎರಡು ಸಲ ಬಿದ್ದಿತ್ತು. ಅಲ್ಲಿಂದ ಮುಂದೆ ಪ್ರತಿಯೊಬ್ಬಳ ಫಲಿತಾಂಶವೂ ಒಂದು ಸಾಲು ಕೆಳಗೆ ಜಾರಿ ಮುಂದಿನವಳ ಹೆಸರಿಗೆ ಸೇರಿತ್ತು. ಆರುನೂರ ನಲವತ್ತೆಂಟನೆಯವಳದು ಬಿದ್ದೇ ಹೋಗಿತ್ತು. ಒಂದು ಹೆಚ್ಚಾಗಿತ್ತು, ಒಂದು ಕಡಿಮೆಯಾಗಿತ್ತು. ಹಾಗಾಗಿ ಒಟ್ಟು ಮಾತ್ರ ಸರಿಯಾಗಿ ಉಳಿದಿತ್ತು.

ಮೂವತ್ತೆಂಟರಲ್ಲಿ ಬಹಳ ಜನರಿಗೆ ಅದರಿಂದ ಕೆಡುಕೇನೂ ಆಗಿರಲಿಲ್ಲ. ಒಬ್ಬಳ 'ಸಹಜ' ಇನ್ನೊಬ್ಬಳಿಗೆ ಹೋಗಿತ್ತು, ಅಷ್ಟೇ. ತ್ರಿವೇಣಿ ಬೆರಳಿಟ್ಟು ಒಂದೊಂದೇ ಸಾಲು ಇಳಿದಳು. ಪ್ರೇಮಮ್ಮ ಆರುನೂರ ಇಪ್ಪತ್ತಮೂರು. ಅವಳಿಗೆ ಬಂದ 'ಮುಂದಿನ ಪರೀಕ್ಷೆ ಬೇಕು' ಆರುನೂರ ಇಪ್ಪತ್ತೆರಡರದು. ದ್ಯಾವಮ್ಮ, ವಯಸ್ಸು ನಲವತ್ತೆಂಟು, ಯಗಟಿ. ಹೊಸ ಟೇಬಲ್ಲಿನಲ್ಲಿ ದ್ಯಾವಮ್ಮನ ಮುಂದೆ 'ಸಹಜ' ಎಂದಿತ್ತು. ಇನ್ನೂ ಕೆಳಗೆ ಅಂಥದ್ದೇ ಇನ್ನೊಂದು ಜೋಡಿ. ಅಜ್ಜಂಪುರದಲ್ಲಿ ಬಟ್ಟೆ ಹೊಲಿಯುವ ಸೌಮ್ಯ ಎಂಬವಳ ಫಲಿತಾಂಶ ಅವಳ ಹಿಂದೆ ನಿಂತಿದ್ದವಳಿಗೆ ಹೋಗಿತ್ತು.

ತ್ರಿವೇಣಿ ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದು ಮತ್ತೆ ಮೊದಲಿನಿಂದ ನೋಡಿದಳು. ಮೂವತ್ತೆಂಟೇ.

ಓಂಕಾರೇಶ್ ಪೂರ್ತಿ ಕೇಳಿಸಿಕೊಂಡ. ಅವನೂ ಹೆದರಿದ್ದ, ಹೆದರಿದಾಗ ಅವನ ದನಿ ಮೆತ್ತಗಾಗುತ್ತಿತ್ತು.

"ಮೊದ್ಲು ಆ ಸಾಲುಗಳ್ನ ಸರಿಮಾಡಮ್ಮ. ಆ ಇಬ್ರನ್ನೂ ಕರ್ಸಿ ತರೀಕೆರೆ ನರ್ಸಿಂಗ್ ಹೋಮಲ್ಲಿ ಮತ್ತೆ ನೋಡ್ಸೋಣ. ಆದ್ರೆ ತಪ್ಪಾಗಿದೆ ಅಂತ ಹೇಳಕ್ಕೋಗ್ಬೇಡ. ಎರಡನೇ ಸುತ್ತಿನ ತಪಾಸಣೆ, ಮಾಮೂಲಿ ಅಂತ ಹೇಳು. ಸುದ್ದಿ ಹಬ್ಬಿದ್ರೆ ನಾಳೆ ಒಬ್ಳೂ ಕ್ಯಾಂಪಿಗೆ ಬರಲ್ಲ. ನಾನು ನಮ್ಮ ಹೆಸರು ಉಳಿಸ್ಕೊಳ್ಳಕ್ಕೆ ಹೇಳ್ತಿಲ್ಲ."

ಅದರಲ್ಲಿ ಅರ್ಧ ನಿಜವಿತ್ತು. ಉಳಿದರ್ಧ ಸುಳ್ಳೆಂದು ತ್ರಿವೇಣಿಗೆ ಗೊತ್ತಿದ್ದರೂ ಆ ಹೊತ್ತಿಗೆ ಅದೇ ಹಗುರ ಅನ್ನಿಸಿತು. ಹೂಂ ಎಂದಳು.

ಸೌಮ್ಯ ಮಾರನೆಯ ದಿನವೇ ಅಜ್ಜಂಪುರದಿಂದ ತರೀಕೆರೆಗೆ ಬಂದಳು. ರೋಗ ಇನ್ನೂ ಬೇರೂರಿರಲಿಲ್ಲ. ಹತ್ತು ನಿಮಿಷದ ಚಿಕಿತ್ಸೆ ಸಾಕಾಯಿತು. ಸೌಮ್ಯಳ ಹಿಂದೆ ನಿಂತಿದ್ದವಳು ಆ ಸಂದೇಶವನ್ನು ಯಾರಿಗೂ ತೋರಿಸದೆ, ಯಾವ ಆಸ್ಪತ್ರೆಗೂ ಹೋಗದೆ ಆರು ತಿಂಗಳು ಕಳೆದಿದ್ದಳು. ನಿಮಗೆ ಏನೂ ಇಲ್ಲ ಎಂದು ತ್ರಿವೇಣಿ ಹೇಳಿದಾಗ ಫೋನ್ ಇಟ್ಟುಬಿಟ್ಟಳು.

ದ್ಯಾವಮ್ಮ ಮಾತ್ರ ಬರಲೊಪ್ಪಲಿಲ್ಲ.

"ನಂಗೆ ಚೆನ್ನಾಗೈತೆ ಅಂತ ಆವತ್ತೇ ಬಂದೈತೆ ಕಣವ್ವ. ಅದನ್ನ ಇನ್ನೊಂದ್ಸತಿ ಮಾಡ್ಸಕಳಕ್ಕೆ ನಾಚ್ಕೆಯಾಯ್ತದೆ. ಯಾರಿಗೆ ಮಾಡಿಲ್ವೋ ಅವ್ರಿಗೆ ಮಾಡ್ರಿ."

"ಮಾಮೂಲಿ ತಪಾಸಣೆ ಅಮ್ಮ, ಎಲ್ಲರಿಗೂ ಮಾಡ್ತಿದೀವಿ. ಬಸ್ ಚಾರ್ಜೂ ನಾವೇ ಕೊಡ್ತೀವಿ."

"ಮಾಮೂಲಿ ಅಂದ್ರೆ ಯಾಕವ್ವ ಬರ್ಲಿ? ಈಗ ಸೊಂಟ ಬ್ಯಾರೆ ಹಿಡ್ಕೊಂಬಿಟ್ಟೈತೆ. ಬಸ್ನಾಗೆ ಕೂರಕ್ಕಾಗಕ್ಕಿಲ್ಲ."

ಇನ್ನೆರಡು ಸಲ ಫೋನ್ ಮಾಡಿದಾಗಲೂ ಅದೇ ಉತ್ತರ. ನಾಲ್ಕನೆಯ ಸಲ ಫೋನೇ ಎತ್ತಲಿಲ್ಲ. ಹೀಗೆ ಹತ್ತು ದಿನ ಹೋಯಿತು. ನಿಜ ಹೇಳಿದ್ದರೆ ಮೊದಲ ದಿನವೇ ಬರುತ್ತಿದ್ದಳು ಎಂಬುದು ತ್ರಿವೇಣಿಗೆ ಗೊತ್ತಾಗುತ್ತಿತ್ತು. ಪ್ರತಿ ಸಲವೂ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಫೋನ್ ಇಡುತ್ತಿದ್ದಳು.

ಎರಡನೆಯ ವಾರದ ಶನಿವಾರ ಪ್ರೇಮಮ್ಮನೇ ಫೋನ್ ಮಾಡಿದಳು.

"ನೋಡಿ ಹೇಳ್ತೀನಿ ಅಂದಿದ್ದೆಯಲ್ಲಮ್ಮ. ನೋಡಿದ್ಯಾ?"

ತ್ರಿವೇಣಿ ಬಾಗಿಲ ಕಡೆ ನೋಡಿದಳು. ಓಂಕಾರೇಶ್ ಇರಲಿಲ್ಲ. "ನೋಡಿದೆ ಅಮ್ಮ. ನಿಮ್ಮದಕ್ಕೂ ಇನ್ನೊಬ್ಬರದಕ್ಕೂ ಅದಲು ಬದಲಾಗಿತ್ತು. ನಿಮಗೆ ಬಂದಿದ್ದು ನಿಮ್ಮ ಹಿಂದಿನ ನಂಬರಿನವರದು. ತಪ್ಪು ನಮ್ಮದೇ."

ಪ್ರೇಮಮ್ಮ ಕ್ಯಾಂಪಿನ ದಿನದ ಸಾಲನ್ನು ನೆನಪು ಮಾಡಿಕೊಂಡಳು.

"ಹಿಂದಿನ ನಂಬರ್ ಅಂದ್ರೆ ನನ್ ಮುಂದೆ ನಿಂತಿದ್ದೋಳು. ದ್ಯಾವಮ್ಮ ಅಲ್ವಾ? ನಮ್ಮ ತೋಟಕ್ಕೆ ಕಾಯಿ ಆಯಕ್ಕೆ ಬತ್ತಿದ್ಲು. ಶಿವರಾತ್ರಿ ಆದ್ಮೇಲಿಂದ ಬಂದೇ ಇಲ್ಲ, ಸೊಂಟ ನೋವು ಅಂತ." ಪ್ರೇಮಮ್ಮನ ದನಿ ಏರಿತು. "ಅವಳಿಗೆ ಹೇಳಿದ್ರೇನಮ್ಮ?"

"ಕರೆದ್ವಿ. ಬರಲ್ಲ ಅಂದ್ರು."

"ಏನಂತ ಕರೆದ್ರಿ?"

"ಮಾಮೂಲಿ ತಪಾಸಣೆ ಅಂತ" ಎಂದಳು ತ್ರಿವೇಣಿ.

"ನಾಳೆ ಭಾನುವಾರ. ಬೆಳಿಗ್ಗೆ ಬಸ್ಸಿಗೆ ಬಾ. ನಾನು ಬಸ್‌ಸ್ಟ್ಯಾಂಡಲ್ಲಿ ನಿಂತಿರ್ತೀನಿ" ಎಂದು ಪ್ರೇಮಮ್ಮ ಫೋನ್ ಇಟ್ಟಳು.

ದ್ಯಾವಮ್ಮನ ಮನೆ ಯಗಟಿಯ ಕಾಲೋನಿಯ ಕೊನೆಯಲ್ಲಿತ್ತು. ಸಿಮೆಂಟ್ ಶೀಟಿನ ಮಾಡು. ಪಕ್ಕದಲ್ಲಿ ತೆಂಗಿನ ಗರಿ ಕಟ್ಟಿ ಮಾಡಿದ ಕುರಿಯ ದೊಡ್ಡಿ, ಅದರಲ್ಲಿ ಮೂರು ಮರಿ. ದ್ಯಾವಮ್ಮ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದಳು. ಮಗಳು ಸ್ಪೂರ್ತಿ ಬಾಗಿಲಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದಳು. ಅವಳು ಕಡೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಭಾನುವಾರವಾದ್ದರಿಂದ ಮನೆಯಲ್ಲಿದ್ದಳು. ಪ್ರೇಮಮ್ಮನನ್ನು ಕಂಡು ದ್ಯಾವಮ್ಮ ಏಳಲು ಹೋದಳು. ಪೂರ್ತಿ ಏಳಲಾಗಲಿಲ್ಲ.

"ಅಯ್ಯೋ ಅಮ್ಮಾರೇ, ನೀವ್ಯಾಕೆ ಇಲ್ಲಿಗಂಟ ಬರಕ್ಕೋದ್ರಿ? ಹೇಳಿ ಕಳ್ಸಿದ್ರೆ ನಾನೇ ಬತ್ತಿರ್ಲಿಲ್ವಾ?"

"ಕೂತ್ಕೊಳೇ ನೀನು" ಎನ್ನುತ್ತ ಪ್ರೇಮಮ್ಮ ಅದೇ ಜಗಲಿಯ ಮೇಲೆ ಕೂತಳು. ಇಷ್ಟು ವರ್ಷದಲ್ಲಿ ಆಕೆ ಈ ಕೇರಿಯೊಳಗೆ ಕಾಲಿಟ್ಟವಳಲ್ಲ. ಎದುರು ಮನೆಯ ಹೆಂಗಸೊಬ್ಬಳು ಪೊರಕೆ ಹಿಡಿದು ನೋಡುತ್ತ ನಿಂತಳು.

ತ್ರಿವೇಣಿ ನಿಂತೇ ಇದ್ದಳು.

"ದೊಡ್ಡವ್ವ, ಫೋನ್ ಮಾಡ್ತಿದ್ದಿದ್ದು ನಾನೇ. ಟ್ರಸ್ಟಿನೋಳು. ಮಾಮೂಲಿ ತಪಾಸಣೆ ಅಂತ ಸುಳ್ಳು ಹೇಳಿದ್ದೆ. ಆವತ್ತು ನಿಮಗೆ ಬಂದ ಫಲಿತಾಂಶ ನಿಮ್ಮದಲ್ಲ. ನಿಮ್ಮದು ಈ ಅಮ್ಮನ ಹೆಸರಿಗೆ ಹೋಗಿತ್ತು. ನಿಮ್ಮ ಪರೀಕ್ಷೆಯಲ್ಲಿ ತೊಂದರೆ ಕಂಡಿತ್ತು. ಆಗಲೇ ದೊಡ್ಡಾಸ್ಪತ್ರೆಗೆ ಕಳಿಸಬೇಕಾಗಿತ್ತು."

ದ್ಯಾವಮ್ಮ ಅವಳ ಮುಖವನ್ನೇ ನೋಡಿದಳು. ಅರ್ಥವಾಗಲಿಲ್ಲವೋ ಏನೋ ಎಂದು ತ್ರಿವೇಣಿ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿದ್ದ ಸ್ಪೂರ್ತಿ ಎದ್ದು ಬಂದಳು.

"ಏನಂದ್ರಿ ನೀವು? ಏನಂದ್ರಿ? ರಕ್ತ ಹೋಯ್ತೈತೆ ಕಣೇ, ನಿಲ್ತಾನೇ ಇಲ್ಲ ಅಂತ ಇವ್ಳು ಉಗಾದಿಗಿಂತ ಮುಂಚಿಂದ ಹೇಳ್ತಾವ್ಳೆ. ನಾನೇ ಬೈತಿದ್ದೆ. ಮುಟ್ಟು ನಿಲ್ಲೋ ವಯಸ್ಸು ಹಂಗೇ ಆಯ್ತದೆ, ಟೆಸ್ಟ್ ಮಾಡ್ಸಿ ಏನೂ ಇಲ್ಲ ಅಂತ ಬಂದೈತಲ್ಲ, ಸುಮ್ಕಿರು ಅಂತ. ನಾನೇ ಫೋನಲ್ಲಿ ಓದಿ ಹೇಳಿದ್ದು. ಎರಡು ಸತಿ ಓದ್ಸಿದ್ಲು ನನ್ ಕೈಲಿ." ಅವಳು ತಾಯಿಯ ಕಡೆ ತಿರುಗಿದಳು. "ನಾನೇ ಹೋಗ್ಬ್ಯಾಡ ಅಂದೆ ಆಸ್ಪತ್ರೆಗೆ."

"ಸ್ಪೂರ್ತಿ, ಸುಮ್ಕಿರು" ಎಂದಳು ದ್ಯಾವಮ್ಮ. ಆಮೇಲೆ ತ್ರಿವೇಣಿಯನ್ನು ಕೇಳಿದಳು. "ಯಾರ ಮಗಳವ್ವ ನೀನು?"

"ಹಿರೇನಲ್ಲೂರು ಲಕ್ಷ್ಮಣಪ್ಪನ ಮಗಳು."

"ಕ್ಯಾಂಪ್ ದಿವಸ ಕಂಪ್ಯೂಟರ್ ಮುಂದೆ ಕೂತಿದ್ದೆಯಲ್ಲ. ನಮ್ಮೋರ ಮಗಳು ಅಂತ ಯಾರೋ ಅಂದ್ರು. ನನ್ ಹೆಸರು ಕೇಳಿ ಬರ್ಕಂಡೆ. ಒಳಕ್ಕೋಗಕ್ಕೆ ನಾಚ್ಕೆಯಾಗಿ ವಾಪಸ್ ಹೊಂಟಿದ್ದೆ. ನೀನು ಕೂತಿದ್ದು ನೋಡಿ ಹೋದೆ." ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು. "ಯಾರ ಕೈಯಿಂದಾಯ್ತು ತಪ್ಪು?"

"ಫಲಿತಾಂಶ ಅದಲು ಬದಲಾಗಿದ್ದು ಬೇರೆಯವರಿಂದ. ನೋಡಿ ಸರಿ ಐತೆ ಅಂತ ಸಹಿ ಹಾಕಿದ್ದು ನಾನು. ಸರಿಯಾಗಿ ನೋಡಿರಲಿಲ್ಲ."

ಸ್ಪೂರ್ತಿ ಕೈಯಲ್ಲಿದ್ದ ಸೀರೆಯನ್ನು ನೆಲಕ್ಕೆಸೆದು ಒಳಗೆ ಹೋದಳು. ಒಳಗಿನಿಂದ ಅವಳು ಅಳುವುದು ಕೇಳಿಸಿತು.

"ಸಾಯ್ತೀನಾ?" ಎಂದು ದ್ಯಾವಮ್ಮ ಮೆಲ್ಲಗೆ ಕೇಳಿದಳು. ಒಳಗೆ ಕೇಳಿಸಬಾರದೆಂದು ದನಿ ತಗ್ಗಿಸಿದ್ದಳು.

"ಗೊತ್ತಿಲ್ಲ ದೊಡ್ಡವ್ವ. ನಾಳೆ ಬೆಳಿಗ್ಗೆನೇ ಶಿವಮೊಗ್ಗಕ್ಕೆ ಹೋಗೋಣ. ನಾನು ಬತ್ತೀನಿ."

"ಮರಿಗಳು ಅವಲ್ಲ."

"ನಮ್ಮ ತೋಟಕ್ಕೆ ಹೊಡ್ಕೊಂಡು ಹೋಗ್ತೀನಿ. ಅಲ್ಲಿ ಹುಲ್ಲೈತೆ" ಎಂದಳು ಪ್ರೇಮಮ್ಮ. ಅಷ್ಟು ಹೇಳಿ ಆಕೆ ಮುಖ ಆ ಕಡೆ ತಿರುಗಿಸಿದಳು. ತನಗೆ ಏನೂ ಇಲ್ಲವೆಂದು ಗೊತ್ತಾದ ದಿನ ಗಣಪತಿ ಗುಡಿಯಲ್ಲಿ ನೂರೊಂದು ಕಾಯಿ ಒಡೆಸಿದ್ದೆ ಎಂದು, ಹಿಂದಿರುಗುವ ದಾರಿಯಲ್ಲಿ ತ್ರಿವೇಣಿಗೆ ಹೇಳಿದಳು. "ಆ ಕಾಯೆಲ್ಲ ಅವಳು ಆಯ್ದು ಗುಡ್ಡೆ ಹಾಕಿದ್ವೇ ಕಣಮ್ಮ" ಎಂದಳು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಪರೀಕ್ಷೆಗಳಿಗೆ ಒಂದು ವಾರ ಹಿಡಿಯಿತು. ರೋಗ ಗರ್ಭಕೋಶ ದಾಟಿ ಪಕ್ಕಕ್ಕೆ ಹರಡಿತ್ತು. ಆಪರೇಷನ್ ಮಾಡುವ ಹಂತ ಮುಗಿದಿದೆ, ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಡಬೇಕು ಎಂದಳು ಡಾಕ್ಟರು. ಸ್ಪೂರ್ತಿ ಕೇಳಿದಳು: "ಅಕ್ಟೋಬರಲ್ಲೇ ಬಂದಿದ್ರೆ?"

ಡಾಕ್ಟರು ಕಾಗದದಿಂದ ತಲೆಯೆತ್ತಿ ಸ್ಪೂರ್ತಿಯನ್ನೂ ತ್ರಿವೇಣಿಯನ್ನೂ ನೋಡಿದಳು. "ಖಂಡಿತ ಹೀಗೇ ಆಗ್ತಿತ್ತು ಅಂತ ನಾನು ಹೇಳಕ್ಕಾಗಲ್ಲಮ್ಮ. ಗಡ್ಡೆ ಇಷ್ಟು ದೊಡ್ಡದಿರ್ತಿರ್ಲಿಲ್ಲ. ಅಷ್ಟು ಹೇಳಬಹುದು."

ಕಡೂರಿಗೆ ಬಂದು ತ್ರಿವೇಣಿ ಎರಡು ಕೆಲಸ ಮಾಡಿದಳು. ಹದಿನಾಲ್ಕೂ ಕ್ಯಾಂಪಿನ ಎಲ್ಲ ಸಾಲುಗಳನ್ನು ಲ್ಯಾಬಿನಿಂದ ಬಂದ ಮೂಲ ಚೀಟಿಗಳ ಜೊತೆ ಕೈಯಿಂದಲೇ ತಾಳೆ ನೋಡಿದಳು. ಅದಕ್ಕೆ ಒಂಬತ್ತು ದಿನ ಬೇಕಾಯಿತು. ಆಮೇಲೆ ಆದದ್ದನ್ನೆಲ್ಲ ಎರಡು ಪುಟದಲ್ಲಿ ಬರೆದು ಟ್ರಸ್ಟ್‌ನ ಎಲ್ಲ ಸದಸ್ಯರಿಗೂ, ಆ ಮೂವತ್ತೆಂಟು ಹೆಂಗಸರಿಗೂ ಒಂದೊಂದು ಪ್ರತಿ ಕಳಿಸಲು ತಯಾರು ಮಾಡಿಕೊಂಡಳು. ಓಂಕಾರೇಶ್ ಅದನ್ನು ಓದಿ ಬಹಳ ಹೊತ್ತು ಕೆಳಗಿನ ರಸ್ತೆ ನೋಡುತ್ತ ನಿಂತ.

"ಸಹಿ ಹಾಕಿದ್ದು ನೀನೇ ಕಣಮ್ಮ."

"ಹೌದು ಸರ್. ಅದನ್ನೂ ಬರೆದಿದೀನಿ, ಕೊನೇ ಸಾಲಲ್ಲಿ."

"ಸರಿ ಐತೆ ಅಂದಿದ್ದು ನಾನು. ಅದೂ ಐತಾ?"

"ಐತೆ ಸರ್."

ಅವನು ಕಾಗದ ಹಿಂದಕ್ಕೆ ಕೊಟ್ಟ. ತಡೆಯಲಿಲ್ಲ. ತಿಂಗಳ ಕೊನೆಗೆ ಇಬ್ಬರೂ ಕೆಲಸ ಬಿಡಬೇಕಾಯಿತು. ಅವನು ಹೆದರಿದ್ದ ಮಾತೂ ನಿಜವಾಯಿತು. ಹಿರೇನಲ್ಲೂರಿನಲ್ಲಿ ಹಾಕಿದ ಮುಂದಿನ ಕ್ಯಾಂಪಿಗೆ ಬಂದವರು ನಾಲ್ಕೇ ಜನ. ಟ್ರಸ್ಟ್‌ನವರು ಉಳಿದ ಕ್ಯಾಂಪ್‌ಗಳನ್ನು ಕೈಬಿಟ್ಟರು. ಇನ್ನೆಷ್ಟು ಹೆಂಗಸರು ಪರೀಕ್ಷೆಯಿಲ್ಲದೆ ಉಳಿದರೋ ಎಂಬುದು ತ್ರಿವೇಣಿಯ ಎದೆಯ ಮೇಲೆ ಇನ್ನೊಂದು ಭಾರವಾಗಿ ಕೂತಿತು. "ನೀನು ಎಲ್ಲರಿಗೂ ಹೇಳಿದ್ರಿಂದ ಆಯಮ್ಮನ ಕಾಯ್ಲೆಯೇನೂ ಹೋಗ್ಲಿಲ್ಲ" ಎಂದು ಅವಳಪ್ಪ ಒಂದು ದಿನ ಊಟದ ಹೊತ್ತಿನಲ್ಲಿ ಅಂದ. ಬೈಯಲೆಂದು ಅಂದದ್ದಲ್ಲ. ಅವಳು ತಟ್ಟೆಯ ಮುಂದಿನಿಂದ ಎದ್ದುಬಿಟ್ಟಳು.

ಬೇಸಿಗೆ ಮುಗಿಯುವವರೆಗೆ ದ್ಯಾವಮ್ಮನಿಗೆ ಇಪ್ಪತ್ತೈದು ಸಲ ಕರೆಂಟ್ ಕೊಟ್ಟರು. ವಾರಕ್ಕೆ ಎರಡು ದಿನ ತ್ರಿವೇಣಿ ಹೋಗಿ ಜೊತೆಗಿರುತ್ತಿದ್ದಳು. ಸ್ಪೂರ್ತಿ ಬೇಡ ಎನ್ನಲಿಲ್ಲ, ಮಾತೂ ಆಡಲಿಲ್ಲ. ಏನಾದರೂ ಹೇಳಬೇಕಾದರೆ ತಾಯಿಗೆ ಹೇಳುತ್ತಿದ್ದಳು: "ಅವ್ವ, ಚೀಟಿ ಕೌಂಟರಿಗೆ ಕೊಟ್ಟು ಬರಾಕೆ ಹೇಳು." ಉರಿ ಹೆಚ್ಚಾದ ದಿನ ದ್ಯಾವಮ್ಮ ತ್ರಿವೇಣಿಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ಮಲಗುತ್ತಿದ್ದಳು. ಪಕ್ಕದಲ್ಲಿ ಯಾರಿದ್ದರೂ ಹಾಗೇ ಹಿಡಿಯುತ್ತಿದ್ದಳು ಎಂದು ತ್ರಿವೇಣಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

"ನಿನ್ ಮ್ಯಾಲೆ ನಂಗೆ ಸಿಟ್ಟೈತೆ ಕಣವ್ವ" ಎಂದು ಒಂದು ಮಧ್ಯಾಹ್ನ, ಮಗಳು ಇಲ್ಲದಾಗ, ದ್ಯಾವಮ್ಮ ಹೇಳಿದಳು. "ಇಲ್ಲ ಅಂದ್ರೆ ಸುಳ್ಳಾಯ್ತದೆ. ಒಂದೊಂದ್ ದಿವಸ ಬೋ ಸಿಟ್ಟು ಬತ್ತದೆ. ಆದ್ರೆ ನೀನು ಬರ್ದೇ ಇದ್ರೆ ಇನ್ನೂ ಸಿಟ್ಟು ಬತ್ತದೆ."

"ಬತ್ತೀನಿ ದೊಡ್ಡವ್ವ" ಎಂದಳು ತ್ರಿವೇಣಿ.

ಗೌರಿ ಹಬ್ಬದ ಹೊತ್ತಿಗೆ ರಕ್ತ ನಿಂತು, ದ್ಯಾವಮ್ಮ ಎದ್ದು ಓಡಾಡುವಂತಾದಳು. ಪ್ರೇಮಮ್ಮನ ತೋಟದಿಂದ ಮರಿಗಳನ್ನು ತಾನೇ ಹೊಡೆದುಕೊಂಡು ಬಂದಳು. ಎಲ್ಲರಿಗೂ ಒಂದು ಆಸೆ ಹುಟ್ಟಿತು. ದೀಪಾವಳಿ ಆದ ಮೇಲೆ ಕಾಲು ಬಾತುಕೊಂಡಿತು, ಆಮೇಲೆ ಉಸಿರಾಟಕ್ಕೆ ಕಷ್ಟವಾಯಿತು. ಈ ಸಲ ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಡಿಸೆಂಬರಿನ ಎರಡನೆಯ ವಾರ, ಬಿಸಿಲೇರುವ ಹೊತ್ತಿನಲ್ಲಿ, ಅದೇ ಜಗಲಿಯ ಮೇಲೆ ದ್ಯಾವಮ್ಮ ಸತ್ತಳು. ಪಕ್ಕದಲ್ಲಿ ಸ್ಪೂರ್ತಿ ಒಬ್ಬಳೇ ಇದ್ದಳು.

ತ್ರಿವೇಣಿಗೆ ಅಷ್ಟರಲ್ಲಿ ತರೀಕೆರೆಯ ಒಂದು ಕಾಲೇಜಿನ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಸುದ್ದಿ ಹೇಳಿದ್ದು ಪ್ರೇಮಮ್ಮ. ಮಣ್ಣಿಗೆ ಹೋಗಲು ಧೈರ್ಯ ಸಾಲದೆ, ಅವಳು ಮೂರನೆಯ ದಿನ ಯಗಟಿಗೆ ಹೋದಳು. ನೆಂಟರೆಲ್ಲ ಹಾಲು ತುಪ್ಪ ಬಿಡಲು ಹೋಗಿದ್ದರು. ಗಂಡಸರೇ ಹೋಗಲೆಂದು ಸ್ಪೂರ್ತಿ ಮನೆಯಲ್ಲಿ ಉಳಿದಿದ್ದಳು. ತ್ರಿವೇಣಿ ಅಂಗಳದಲ್ಲಿ ನಿಂತಳು. ಜಗಲಿಯ ಮೇಲೆ ಕೂತಿದ್ದ ಸ್ಪೂರ್ತಿ, ಆಸ್ಪತ್ರೆಯ ಓಡಾಟ ಶುರುವಾದ ಮೇಲೆ ಮೊದಲ ಸಲ, ನೇರವಾಗಿ ಅವಳನ್ನೇ ಕೇಳಿದಳು.

"ಬೇರೆ ಕ್ಯಾಂಪಿಂದೆಲ್ಲ ನೋಡಿದ್ರಾ?"

"ಎಲ್ಲಾ ನೋಡಿದೆ. ಸಾವಿರದ ಮುನ್ನೂರ ಹನ್ನೆರಡೂ. ಚೀಟಿ ಎದುರಿಗಿಟ್ಕೊಂಡು ನೋಡಿದೆ."

"ನಮ್ಮವ್ವನಂಗೆ ಕಾಯ್ಲೆ ಬಲಿತೋರು ಬೇರೆ ಯಾರಾದ್ರೂ ಇದ್ರಾ?"

"ಇಲ್ಲ."

"ನಮ್ಮವ್ವ ಒಬ್ಳೇ."

ಸ್ಪೂರ್ತಿ ಮಂಡಿಯ ಮೇಲೆ ಗಲ್ಲವಿಟ್ಟುಕೊಂಡು ಕೇರಿಯ ಕಡೆ ನೋಡುತ್ತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ, ತುಂಬ ದಣಿದಿದ್ದಳು.

"ನಿಮ್ಮನ್ನ ಬೈಯಣ ಅಂದ್ರೆ ನಂಗೆ ಆಗಲ್ಲ" ಎಂದಳು. "ಬೈಯಕ್ಕೆ ಬಾಯಿ ತೆಗುದ್ರೆ ನಾನು ಅವ್ಳಿಗೆ ಸುಮ್ಕಿರು ಅಂದಿದ್ದೇ ಬಾಯಿಗೆ ಬತ್ತದೆ. ನೀವು ಕಂಡ್ರೆ ಅದೇ ನೆಪ್ಪಾಯ್ತದೆ. ಇನ್ಮೇಲೆ ಬರ್ಬೇಡಿ."

"ಆಯ್ತು" ಎಂದಳು ತ್ರಿವೇಣಿ.

ಅಂಗಳ ದಾಟುವಾಗ ಹಾಲು ತುಪ್ಪಕ್ಕೆ ಹೋದವರು ಎದುರಿಗೆ ಬಂದರು. ಅವರಲ್ಲಿ ಕೆಲವರಿಗೆ ಅವಳ ಗುರುತಿತ್ತು. ಅವರು ಬದಿಗೆ ಸರಿದು ದಾರಿ ಬಿಟ್ಟರು. ಕಡೂರಿನ ಬಸ್ಸು ಬರಲು ಇನ್ನೂ ಮುಕ್ಕಾಲು ಗಂಟೆಯಿತ್ತು. ತ್ರಿವೇಣಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂರಲು ಹೋಗಿ, ಕೂರಲಾಗದೆ, ಬಿಸಿಲಿನಲ್ಲೇ ನಿಂತುಕೊಂಡಳು.